ಮಾವ ಗೆದ್ದ ವಾದ

ನನ್ನ ಸೋದರಮಾವ ದೇವದುರ್ಗದಲ್ಲಿ ವಕೀಲರು. ಅವರ ಮನೆಯ ಪಡಸಾಲೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಸರಕಾರದ ನೀತಿಗಳ ಬಗ್ಗೆ ವಾದ ನಡೆಯುತ್ತಿತ್ತು. ಹೈದರಾಬಾದ್ ಸಂಸ್ಥಾನದ ಕಚೇರಿಗಳಿಗೆ ಶುಕ್ರವಾರ ರಜೆಯಿದ್ದ ಕಾಲದಲ್ಲಿ ಅದು ಶುಕ್ರವಾರ. ರಜೆ ಭಾನುವಾರಕ್ಕೆ ಬದಲಾದ ಮೇಲೆ ಭಾನುವಾರ. ನಾನು ರಾಯಚೂರಿನವಳು. ಶಾಲೆಯ ದಿನಗಳಿಂದಲೂ ಬೇಸಿಗೆಗೆ ಮಾವನ ಮನೆಗೆ ಹೋಗುತ್ತಿದ್ದೆನಾದ್ದರಿಂದ, ಬೇರೆ ಹುಡುಗಿಯರು ಹಾಡು ಕಲಿಯುವ ವಯಸ್ಸಿನಲ್ಲಿ ನಾನು ಕಂದಾಯ, ಲೆವಿ, ಗಂಜಿ ಕೇಂದ್ರ, ಗಲ್ಲು ಶಿಕ್ಷೆ ಎಂಬ ಮಾತುಗಳನ್ನು ಕಲಿತೆ.

ಆ ವಾದಕ್ಕೆ ಒಂದು ಕಟ್ಟಳೆ ಇತ್ತು. ಯಾರೂ ತಮ್ಮ ಮನಸ್ಸಿನ ಪಕ್ಷವನ್ನು ತಾವೇ ಆರಿಸಿಕೊಳ್ಳುವಂತಿರಲಿಲ್ಲ. ವಿಷಯ ಗೊತ್ತಾದ ಮೇಲೆ ಶಾಲೆಯ ಮಾಸ್ತರರು ಒಂದು ಹುಣಸೆ ಬೀಜವನ್ನು ಅಂಗೈಯಲ್ಲಿ ಕುಲುಕಿ ನೆಲಕ್ಕೆ ಬಿಡುತ್ತಿದ್ದರು. ಚೌಕಾಬಾರ ಆಡಲೆಂದು ಅತ್ತೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿಟ್ಟ ಬೀಜ ಅದು. ಬಿಳಿ ಮೇಲಾದರೆ ಮಾವ ಸರಕಾರದ ಪರ ಮಾತಾಡಬೇಕು, ಕಪ್ಪು ಮೇಲಾದರೆ ವಿರುದ್ಧ. ಉಳಿದ ಪಕ್ಷ ಎದುರಾಳಿಯದು. ಕೇಳಲು ಬಂದವರು ಕಡೆಯಲ್ಲಿ ಕೈಯೆತ್ತಿ ಗೆದ್ದವರು ಯಾರೆಂದು ಹೇಳುತ್ತಿದ್ದರು.

ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ. ಮಾವ ಹೇಳಿದ್ದರು: "ತನ್ನ ಮನಸ್ಸಿನ್ಯಾಗ ಇದ್ದದ್ದು ಹೇಳಾಕ ಏನು ಕಷ್ಟ ಅದ, ಯವ್ವಾ? ಎದುರಿನವ ಯಾಕ ಹಂಗ ಅಂತಾನ ಅನ್ನೂದು ಗೊತ್ತಾಗಬೇಕಂದ್ರ ಅವನ ಮಾತು ನಿನ್ನ ಬಾಯಾಗ ಒಮ್ಮಿ ಬರಬೇಕು."

ಮಾಸ್ತರರು ಗುಂಜಹಳ್ಳಿಯ ಕೂಲಿ ಮನೆತನದವರು. ಅವರ ಓಣಿಯಲ್ಲಿ ಓದಿ ಪಗಾರದ ಕೆಲಸ ಹಿಡಿದವರಲ್ಲಿ ಅವರೇ ಮೊದಲಿಗರು. ಊರಿನ ಬೇರೆ ಪಡಸಾಲೆಗಳಲ್ಲಿ ಅವರಿಗೆ ಬೇರೆ ಚಾಪೆ ಹಾಸುತ್ತಿದ್ದರು. ಇಲ್ಲಿ ಅವರು ಅಧ್ಯಕ್ಷರು, ಅವರು ಕೈ ಎತ್ತಿದರೆ ಮಾವನೂ ಬಾಯಿ ಮುಚ್ಚಬೇಕು. ಇದಕ್ಕೆ ಮಾವ ಯಾರಿಗೂ ಕಾರಣ ಕೊಡಲಿಲ್ಲ, ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ನನಗೆ ಮಾವನಲ್ಲಿ ಮೊದಲು ಹಿಡಿಸಿದ್ದು ಅವರ ಮಾತುಗಾರಿಕೆಯಲ್ಲ, ಇದು.

ಎದುರಾಳಿ ಹೆಚ್ಚಾಗಿ ಭತ್ತದ ಗಿರಣಿಯ ಸಾವ್ಕಾರರು. ಹಣೆತುಂಬ ವಿಭೂತಿ, ದೊಡ್ಡ ದನಿ, ಯಾವ ವಿಷಯಕ್ಕೂ ಮೊದಲೇ ಸಿದ್ಧವಾದ ಅಭಿಪ್ರಾಯ. ಯುದ್ಧದ ವರ್ಷಗಳಲ್ಲಿ ರೈತರು ಬೆಳೆದ ಜೋಳದಲ್ಲಿ ಒಂದು ಪಾಲನ್ನು ಸರಕಾರ ಗೊತ್ತುಮಾಡಿದ ದರಕ್ಕೆ ಕೊಡಲೇಬೇಕಾಗಿತ್ತು. ಅದೇ ಲೆವಿ. ಸಾವ್ಕಾರರಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಒಂದು ಬೇಸಿಗೆ ಬೀಜ ಕಪ್ಪಾಗಿ ಬಿದ್ದು, ಲೆವಿಯ ಪರವಾಗಿ ಅವರೇ ಮಾತಾಡಬೇಕಾಯಿತು. ಹೆಗಲ ಮೇಲಿನ ಸೆಲ್ಲೆಯಿಂದ ಕತ್ತು ಒರೆಸಿಕೊಳ್ಳುತ್ತ, "ಜೋಳ ಇಲ್ಲದವರು ಏನು ತಿನ್ನಬೇಕು" ಎಂದು ಶುರುಮಾಡಿ, ತಮ್ಮ ಮಾತಿಗೆ ತಾವೇ ಬೆರಗಾದವರಂತೆ ಸುಮಾರು ಹೊತ್ತು ಮಾತಾಡಿದರು. ಮುಗಿದ ಮೇಲೆ ಮಾಸ್ತರರು ನಗುತ್ತ ಅಂದರು:

"ಸಾವ್ಕಾರ್ರ, ಲೆವಿ ಕೊಡ್ರಿ ಅಂತ ನಿಮ್ಮ ಬಾಯಾಗ ಕೇಳಿದ್ನಲ್ಲ, ಇನ್ನ ನನಗೇನೂ ಬ್ಯಾಡ."

"ಏ ಸುಮ್ಮನಿರೋ ಮಾಸ್ತರ. ಮನೀಗೆ ಹೋಗಿ ಬಾಯಿ ತೊಳಕೋತೀನಿ."

ಹೊಟ್ಟೆಗಿಲ್ಲದೆ ಕಣದಿಂದ ಕಾಳು ಕದ್ದವನಿಗೆ ಜೈಲು ಆಗಬೇಕೇ ಬೇಡವೇ, ದುಡಿಮೆಯಿಲ್ಲದೆ ಗಂಜಿ ಹಾಕುವುದು ದಯೆಯೋ ಸೋಮಾರಿತನದ ಪಾಠವೋ, ಹೀಗೆ ವಾರದಿಂದ ವಾರಕ್ಕೆ ವಾದಗಳು ಬದಲಾಗುತ್ತಿದ್ದವು. ನಾನು ಪಡಸಾಲೆಯಲ್ಲಿ ಕೂಡಬಹುದೆಂದು ಮಾವ ಹೇಳಿದ್ದರೂ ಒಳಗಿನ ನಡುಮನೆಯಲ್ಲೇ ಕೂಡುತ್ತಿದ್ದೆ. ನನಗೆ ಕೇಳಿಸಿಕೊಳ್ಳುವುದು ಬೇಕಾಗಿತ್ತು, ನೋಡಿಸಿಕೊಳ್ಳುವುದಲ್ಲ.

ನಾನು ಬರೆಯಹೊರಟ ಸಂಗತಿ ನಡೆದದ್ದು ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷದ ಬೇಸಿಗೆಯಲ್ಲಿ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ರಾಯಚೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಕೆಲಸಕ್ಕಾಗಿ ಕಾಯುತ್ತಿದ್ದೆ. ಕಾಯುವುದನ್ನು ನಾಲ್ಕು ಜನ ದಿನವೂ ವಿಚಾರಿಸುವ ಊರಿಗಿಂತ ಮಾವನ ಮನೆ ಮೇಲೆಂದು ದೇವದುರ್ಗಕ್ಕೆ ಬಂದಿದ್ದೆ.

ಅದಕ್ಕೂ ಹಿಂದಿನ ಗಲಭೆಯ ದಿನಗಳಲ್ಲಿ ನಮ್ಮ ಕಡೆಯ ಅನೇಕ ಕುಟುಂಬಗಳು ಹೊಳೆ ದಾಟಿ ಆಚೆಯ ಪ್ರಾಂತಗಳಿಗೆ ಹೋಗಿದ್ದವು. ಆಚೆಯ ಕಡೆಯಿಂದ ಅನೇಕ ಮುಸಲ್ಮಾನ ಕುಟುಂಬಗಳು ಹೆದರಿ ಈಚೆ ಬಂದಿದ್ದವು. ಈಗ ಹೋದವರು ಮರಳುತ್ತಿದ್ದರು. ಬಂದವರನ್ನು ಅವರವರ ಊರಿಗೆ ಕಳಿಸುವ ಮಾತು ಸರಕಾರದಲ್ಲಿ ನಡೆದಿತ್ತು. ಉಳಿಯಬೇಕೆನ್ನುವವರು ಗುರುವಾರ ತಹಸೀಲು ಕಚೇರಿಗೆ ಬಂದು ಹೇಳಿಕೊಳ್ಳಬಹುದು, ಆದರೆ ಊರಿನವರೊಬ್ಬರು ಜೊತೆಗೆ ನಿಂತು ಇವರ ಹೊಣೆ ನನ್ನದು ಎನ್ನಬೇಕು ಎಂದು ದೇವದುರ್ಗದಲ್ಲಿ ಡಂಗುರ ಹೊಡೆದಿದ್ದರು.

ಅತ್ತೆಗೆ ಕೌದಿ ಹೊಲಿದುಕೊಡುತ್ತಿದ್ದ ಆಪಾ ಹಾಗೆ ಬಂದವರಲ್ಲಿ ಒಬ್ಬರು. ಆಪಾ ಎಂದರೆ ಅಕ್ಕ. ಓಣಿಯೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಊರು ಸೊಲ್ಲಾಪುರ. ಗಂಡ ಅಲ್ಲೇ ತೀರಿಕೊಂಡಿದ್ದರು. ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದು ಮಾವನ ಓಣಿಯ ತುದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಸೊಲ್ಲಾಪುರದಲ್ಲಿ ಅವರಿದ್ದ ಮನೆಯಲ್ಲಿ ಈಗ ಬೇರೆಯವರಿದ್ದರು. ಹಿಂದಕ್ಕೆ ಹೋಗುವುದೆಂದರೆ ರೈಲಿನಿಂದ ಇಳಿದು, ತಾಯಿಯ ಕೈ ಹಿಡಿದುಕೊಂಡು, ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಲ್ಲುವುದು. ತಮ್ಮ ಪರವಾಗಿ ನಿಲ್ಲುತ್ತೀರಾ ಎಂದು ಅವರು ಮಾವನನ್ನು ಕೇಳಿದ್ದರು.

"ನಿಲ್ಲದ ಏನು? ಬೇಸ್ತವಾರ ಮುಂಜಾನೆ ತಹಸೀಲಿಗೆ ಬಾ," ಎಂದಿದ್ದರು ಮಾವ, ಜೋಡು ಮೆಟ್ಟಿಕೊಳ್ಳುತ್ತಲೇ.

ಆ ಗುರುವಾರಕ್ಕೆ ಮೊದಲಿನ ಭಾನುವಾರದ ವಾದಕ್ಕೆ ಮಾಸ್ತರರು ಆರಿಸಿದ ವಿಷಯ, ಊರಿನ ಎಲ್ಲರ ಬಾಯಲ್ಲಿದ್ದ ವಿಷಯವೇ: ಆಚೆಯಿಂದ ಬಂದವರನ್ನು ಸರಕಾರ ಮರಳಿ ಕಳಿಸಬೇಕೇ? ಬೀಜ ಬಿಳಿಯಾಗಿ ಬಿತ್ತು. ಕಳಿಸಬೇಕು ಎನ್ನುವ ಪಕ್ಷ ಮಾವನದಾಯಿತು. ಸಾವ್ಕಾರರಿಗೆ ಉಳಿಸಿಕೊಳ್ಳಬೇಕು ಎನ್ನುವ ಪಕ್ಷ. ಎಲ್ಲರೂ ನಕ್ಕರು, ಯಾಕೆಂದರೆ ಕಳಿಸಬೇಕೆಂದು ಸಂತೆಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವರು ಸಾವ್ಕಾರರೇ. ಆಪಾ ಆಗ ಇನ್ನೂ ಬಂದಿರಲಿಲ್ಲ. ವಾದ ಶುರುವಾದ ಮೇಲೆ ಹಿತ್ತಲ ಬಾಗಿಲಿನಿಂದ ಬಂದು, ನಡುಮನೆಯಲ್ಲಿ ಅತ್ತೆಯ ಕೌದಿ ಹರವಿಕೊಂಡು, ಉಳಿದ ಅಂಚನ್ನು ಹೊಲಿಯಲು ಕುಳಿತರು. ಆ ಮನೆಯಲ್ಲಿ ಎಲ್ಲರಿಗೂ ಬೀಜದ ವಿಷಯ ಗೊತ್ತಿತ್ತು, ಆದ್ದರಿಂದ ಯಾರಿಗೂ ಅದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಹೊಳೆಯುತ್ತಿರಲಿಲ್ಲ.

ಮಾವ ಅಂದು ಮಾತಾಡಿದ ಹಾಗೆ ನಾನು ಯಾವತ್ತೂ ಕೇಳಿರಲಿಲ್ಲ. ದನಿ ಏರಿಸಲಿಲ್ಲ, ಯಾರನ್ನೂ ಹೀಯಾಳಿಸಲಿಲ್ಲ. ಹೊಳೆ ದಾಟಿ ಹೋಗಿ ಈಗ ಮರಳಿದ ನಮ್ಮ ರೈತರು ಸುಟ್ಟ ಮನೆಯ ಮುಂದೆ ಗಿಡದ ಕೆಳಗೆ ಇದ್ದಾರೆ, ಮೊದಲ ಸರದಿ ಅವರದಲ್ಲವೇ ಎಂದರು. ಬಂದವರಿಗೂ ಅವರ ಊರಿನಲ್ಲಿ ಹಕ್ಕಿದೆ, ಇಲ್ಲಿ ಇಟ್ಟುಕೊಂಡು ಆ ಹಕ್ಕನ್ನು ನಾವು ಕೊಳೆಸಬಾರದು ಎಂದರು. ಆಮೇಲೆ ಸ್ವಲ್ಪ ತಡೆದು ಅಂದರು:

"ಒಬ್ಬೊಬ್ಬರನ್ನ ನೋಡಿ ಉಳಸ್ಕೊಳ್ಳೂಣು ಅಂತೀರಿ. ಯಾರನ್ನ ಉಳಸ್ಕೋತೀರಿ? ಗುರುತಿನವರು ಇದ್ದವರನ್ನ. ಊರಾಗ ಒಬ್ಬ ವಕೀಲನ್ನ ಹಿಡಿದವ ಉಳೀತಾನ. ಯಾರೂ ಗುರುತಿಲ್ಲದವ, ಬಾಯಿ ಇಲ್ಲದವ, ಅವ ಗಾಡಿ ಹತ್ತತಾನ. ಇದಕ್ಕ ದಯಾ ಅಂತೀರಿ ನೀವು. ನಾ ಇದಕ್ಕ ವಶೀಲಿ ಅಂತೀನಿ. ಕಾಯ್ದೆ ಅಂದಮ್ಯಾಲೆ ಎಲ್ಲಾರಿಗೂ ಒಂದ ಇರಬೇಕು. ಕಳಿಸೂದಾದ್ರ ಎಲ್ಲಾರನ್ನೂ ಕಳಸ್ರಿ."

ಸಾವ್ಕಾರರು ತಡಕಾಡಿದರು. "ನನ್ನ ಗಿರಣಿಗೆ ಬರೂ ಭತ್ತ ಯಾವ ಹೊಲದ್ದು ಅಂತ ನಾ ಕೇಳೂದಿಲ್ಲ, ಅಕ್ಕಿ ಹೆಂಗ ಬರ್ತದ ನೋಡ್ತೀನಿ," ಎಂದರು. ಅದು ಒಳ್ಳೆಯ ಮಾತೇ, ಆದರೆ ಅದರ ಮುಂದೆ ಅವರಿಗೆ ಇನ್ನೊಂದು ಹೊಳೆಯಲಿಲ್ಲ. ಕೈಗಳು ಮಾವನ ಕಡೆಗೇ ಎದ್ದವು. ತಹಸೀಲ್ದಾರರ ಮುಂದೆ ಕಾಗದಪತ್ರ ಇಡುವ ಪೇಶಕಾರರು ಕೂಡ ಕೇಳಲು ಬಂದಿದ್ದರು. ವಶೀಲಿಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು, ತಲೆದೂಗುತ್ತ ಹೋದರು. ನಾನೂ ಒಳಗೆ ಕುಳಿತು ಹೆಮ್ಮೆಪಟ್ಟೆ.

ತಿರುಗಿ ನೋಡುವಷ್ಟರಲ್ಲಿ ಆಪಾ ಹೋಗಿಬಿಟ್ಟಿದ್ದರು. ಕೌದಿ ಮಡಚಿಟ್ಟಿತ್ತು.

ಕೌದಿಯ ಕಡೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಹೋಳಿಗೆಯ ಒಂದು ಚೂರು ಇಟ್ಟು ಹೊಲಿಯುವುದು ನಮ್ಮ ಕಡೆಯ ರೂಢಿ. ಹಾಗೆ ಮಾಡದಿದ್ದರೆ ಕೌದಿ ಹಸಿದಿರುತ್ತದೆ, ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಾರೆ. ಹೊಲಿಯುವವರೇ ಮನೆಯವರನ್ನು ಕೇಳಿ ಪಡೆಯಬೇಕು. ಅವರಿಗೂ ಒಂದು ಹೋಳಿಗೆ ಕೊಡಬೇಕು. ಅತ್ತೆ ಅದಕ್ಕೆಂದೇ ಮುಂಜಾನೆ ಹೋಳಿಗೆ ಮಾಡಿಟ್ಟಿದ್ದರು. ಈಗ ಕೌದಿಯ ನಾಲ್ಕೂ ಮೂಲೆ ಮುಟ್ಟಿ ನೋಡಿದರು. ನಾಲ್ಕೂ ಮುಚ್ಚಿದ್ದವು.

"ಕೇಳದ ಹೊಲದು ಹೋಗ್ಯಾಳಲ್ಲ," ಎಂದರು. ಆಮೇಲೆ ಪಡಸಾಲೆಯ ಕಡೆ ನೋಡಿದರು. ಅಲ್ಲಿ ಮಾವ ಎಲೆ ಅಡಿಕೆ ಹಾಕಿಕೊಂಡು ಗೆದ್ದ ಸಂತೋಷದಲ್ಲಿದ್ದರು.

ಮರುದಿನ ಮುಂಜಾನೆ ಅತ್ತೆ ನನ್ನನ್ನು ಹೋಳಿಗೆ ಕೊಟ್ಟು ಕಳಿಸಿದರು. ಆಪಾನ ಕೋಣೆಗೆ ಬೀಗ ಹಾಕಿತ್ತು. ಮೊದಲ ಬಸ್ಸಿಗೆ ತಾಯಿಯನ್ನು ಕರೆದುಕೊಂಡು ಮಾನ್ವಿಗೆ ಹೋದರೆಂದು, ಅಲ್ಲಿಯ ತಂಗಿಯ ಮನೆಯಿಂದ ರಾಯಚೂರಿಗೆ ಹೋಗಿ ಸೊಲ್ಲಾಪುರದ ರೈಲು ಹಿಡಿಯುತ್ತಾರೆಂದು ಪಕ್ಕದ ಮನೆಯವರು ಹೇಳಿದರು.

ಮಾವನಿಗೆ ಮೊದಲು ತಿಳಿಯಲೇ ಇಲ್ಲ. "ಯಾಕ? ಬೇಸ್ತವಾರ ನಾ ನಿಲ್ತೀನಿ ಅಂದಿನಲ್ಲ?"

"ನಿನ್ನಿ ನೀವು ಏನಂದ್ರಿ?" ಎಂದರು ಅತ್ತೆ.

"ಅದು ಬೀಜ ಬಿದ್ದದ್ದಕ್ಕ ಅಂದದ್ದು. ಆಕೀಗೆ ಗೊತ್ತಿಲ್ಲೇನು?"

"ಬೀಜ ಬಿದ್ದದ್ದು ಪಡಸಾಲ್ಯಾಗ, ಆಕಿ ಬರೂಕಿಂತ ಮೊದ್ಲ. ಆಕಿ ಕೇಳಿದ್ದು ನಿಮ್ಮ ದನಿ ಅಷ್ಟ."

ಮಾವ ಕೋರ್ಟಿಗೆ ಹೊರಡಲು ಕರಿ ಕೋಟು ಹಾಕಿಕೊಂಡಿದ್ದರು. ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದರು. ತಾವು ಆಡಿದ ಮಾತನ್ನು ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಳ್ಳುತ್ತಿದ್ದಾರೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಈ ಸಲ ಒಳಗೆ ಸೂಜಿ ಹಿಡಿದು ಕುಳಿತವರ ಕಿವಿಯಿಂದ. "ಒಬ್ಬ ವಕೀಲನ್ನ ಹಿಡಿದವ ಅಂದೆ," ಎಂದರು. "ಆಕೀಗೇ ಅಂದಂಗ ಆತು." ಕೋರ್ಟಿನ ಕೆಲಸವನ್ನು ಇನ್ನೊಬ್ಬ ವಕೀಲರಿಗೆ ಒಪ್ಪಿಸಿ, ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಮುಂದಿನ ಬಸ್ಸಿಗೆ ಹೊರಟರು.

ದೇವದುರ್ಗದಿಂದ ಮಾನ್ವಿಗೆ ಆಗ ಇದ್ದ ಬಸ್ಸನ್ನು ಹತ್ತಿದವರಿಗೇ ಅದರ ರುಚಿ ಗೊತ್ತು. ಕಿಟಕಿಗೆ ಗಾಜಿರಲಿಲ್ಲ, ಸೀಟಿನ ಕೆಳಗೆ ಯಾರದೋ ಕುರಿ. ಕವಿತಾಳದ ಕಡೆ ದಾರಿ ಒಡೆಯುವಲ್ಲಿ ಎಂಜಿನ್ ಕಾದು ನಿಂತಿತು. ಎಲ್ಲರೂ ಇಳಿದು, ಡ್ರೈವರ್ ಹಳ್ಳದಿಂದ ನೀರು ತರುವವರೆಗೆ ಬಿಸಿಲಲ್ಲಿ ನಿಂತೆವು. ಮಾನ್ವಿಯಲ್ಲಿ ಇಳಿದಾಗ ಮಾವನ ಬಿಳಿ ಧೋತರ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಆಪಾನ ತಂಗಿಯ ಮನೆಯ ಅಂಗಳದಲ್ಲಿ ಕೋಳಿಗಳಿದ್ದವು, ಒಂದು ಮಂಚವಿತ್ತು, ಅದರ ಮೇಲೆ ಆಪಾನ ತಾಯಿ. ಕಟ್ಟಿದ ಗಂಟು ಬಾಗಿಲ ಬಳಿಯಲ್ಲೇ ಇತ್ತು. ನಮ್ಮನ್ನು ನೋಡಿ ಆಪಾ ತಲೆಯ ಮೇಲೆ ಸೆರಗು ಎಳೆದುಕೊಂಡು, ಕೂಡಲು ಚಾಪೆ ಹಾಸಿದರು, ನೀರು ಕೊಟ್ಟರು. ಸಿಟ್ಟಿನ ಮಾತು ಒಂದೂ ಇಲ್ಲ. ಮಾವ ಬೀಜದ ಕಟ್ಟಳೆಯನ್ನೆಲ್ಲ ವಿವರಿಸಿದರು. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಮನಸ್ಸಿನ್ಯಾಗ ಇಲ್ಲದ್ದು ಅಂದ್ರಿ."

"ಹೌದವ್ವಾ."

"ಮನಸ್ಸಿನ್ಯಾಗ ಇಲ್ಲದ್ದು ಅಷ್ಟು ಛಲೋ ಹೆಂಗ ಬರ್ತದ್ರೀ, ವಕೀಲರ?"

ಮಾವ ನೀರಿನ ಚೊಂಬು ಕೆಳಗಿಟ್ಟರು. "ಅದ ನನ್ನ ಕಸಬು," ಎಂದರು.

"ಹಂಗಾರ ಇನ್ನೊಂದು ಕಡೀದು ಹೇಳ್ರಿ. ನಾ ಇರಬೇಕು ಅನ್ನೂದು ಹೇಳ್ರಿ. ಕೇಳ್ತೀನಿ."

ಮಾವ ಆ ಅಂಗಳದಲ್ಲೇ, ಕೋಳಿಗಳ ನಡುವೆ, ಎದ್ದು ನಿಂತು ಹೇಳಿದರು. ಕೂತು ಹೇಳಬಹುದಿತ್ತು, ಪಡಸಾಲೆಯಲ್ಲಿ ಎದ್ದು ನಿಂತು ಮಾತಾಡಿದ್ದರಿಂದ ಇಲ್ಲೂ ನಿಂತರು. ಹೆದರಿ ಬಂದವರಿಗೆ ಬಾಗಿಲು ತೆರೆದ ಮೇಲೆ ಮತ್ತೆ ಮುಚ್ಚುವುದು ಹೇಗೆ, ದುಡಿದು ತಿನ್ನುವವರು ಯಾರಿಗೆ ಭಾರ, ಎಂದೆಲ್ಲ ಅಂದರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಮಾವ ಕುಳಿತ ಮೇಲೆ ಆಪಾ, ನ್ಯಾಯವಾಗಿ ಹೇಳಬೇಕೆಂಬ ಹಾಗೆ ಹೇಳಿದರು:

"ನಿನ್ನಿಂದು ಇದಕ್ಕಿಂತ ಛಲೋ ಇತ್ತುರೀ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಆಪಾನೂ ನಕ್ಕರು. ಮಾವ ನಗಲಿಲ್ಲ. "ಹೌದು," ಎಂದರು, "ನಿನ್ನಿಂದು ಛಲೋ ಇತ್ತು. ಅದಕ್ಕ ನನಗೂ ಭಯ ಬಂದದ. ವಾದ ಮಾಡಾಕ ಬಂದಿಲ್ಲವ್ವಾ. ಬಾ ಅಂತ ಕೇಳಾಕ ಬಂದೀನಿ."

"ಬಂದು ಏನು ಮಾಡ್ಲಿ? ಅಲ್ಲಿ ಮಂದ್ಯಾಗ ನಿಂದ್ರಿಸಿ ಹೋಗು ಅಂತಾರ. ಹೋಗು ಅನಿಸ್ಕೊಂಡು ಹೋಗೂದಕ್ಕಿಂತ ನಾನಾಗೇ ಹೋದ್ರ ಮಾನ ಉಳೀತದ."

ಆಗ ಮಂಚದ ಮೇಲಿಂದ ಆ ಮುದುಕಿ, ಅಲ್ಲಿಯವರೆಗೆ ನಿದ್ದೆ ಮಾಡುತ್ತಿದ್ದಾರೆಂದು ನಾನು ತಿಳಿದಿದ್ದವರು, ಮಗಳಿಗೆ ಹೇಳಿದರು:

"ಏ ಹುಚ್ಚಿ, ಅವರ ಧೋತರ ನೋಡು. ಮನಸ್ಸಿನ್ಯಾಗ ಇಲ್ಲದ ಯಾರಾದ್ರೂ ಆ ಬಸ್ಸು ಹತ್ತತಾರೇನು? ನಾ ಮತ್ತ ಹತ್ತಬೇಕಲ್ಲ ಅಂತ ನನಗ ಚಿಂತಿ ಹತ್ಯದ."

ಮೂರನೆಯ ದಿನ, ಅಂದರೆ ಬುಧವಾರ, ತಾಯಿ ಮಗಳು ದೇವದುರ್ಗಕ್ಕೆ ಮರಳಿದರು.

ಆದರೆ ಅಷ್ಟರಲ್ಲಿ ಮಾವ ಗೆದ್ದ ವಾದ ಊರಿನಲ್ಲಿ ತಿರುಗಾಡುತ್ತಿತ್ತು. ವಶೀಲಿಯ ಮಾತನ್ನು ಹೋಟೆಲಿನಲ್ಲಿ ಜನ ಒಪ್ಪಿಸುತ್ತಿದ್ದರು. ಪೇಶಕಾರರು ಅದನ್ನು ತಮ್ಮ ಸಾಹೇಬರ ಕಿವಿಗೂ ಮುಟ್ಟಿಸಿದ್ದರು. ತಹಸೀಲ್ದಾರರು ಹೊಸಬರು, ಮದ್ರಾಸ್ ಪ್ರಾಂತದ ಕರಾವಳಿಯವರು. ತೆಲುಗು ಮತ್ತು ಇಂಗ್ಲಿಷ್ ಬಲ್ಲವರು. ಮಾವ ಕಾಯ್ದೆ ಓದಿದ್ದು ಉರ್ದುವಿನಲ್ಲಿ. ಇಷ್ಟು ವರ್ಷ ನಮ್ಮ ಕಚೇರಿಗಳಲ್ಲಿ ನಡೆದದ್ದೂ ಅದೇ. ಅವರ ತೆಲುಗು ಸಂತೆಯಲ್ಲಿ ಎತ್ತು ಕೊಳ್ಳುವಷ್ಟು, ಇಂಗ್ಲಿಷ್ ಅದಕ್ಕಿಂತ ಕಡಿಮೆ. ಗುರುವಾರ ಮುಂಜಾನೆ, "ನೀ ಬರ್ತೀಯೇನು, ಯವ್ವಾ?" ಎಂದು ಕೇಳಿದರು. ಬೇರೆ ಯಾವ ಕೆಲಸಕ್ಕಾದರೂ ನಾನು ಮಂದಿಯ ಎದುರು ಹೋಗಿ ನಿಲ್ಲುತ್ತಿರಲಿಲ್ಲ. ಹೋದೆ.

ತಹಸೀಲಿನ ಕಟ್ಟೆಯ ಮೇಲೆ ಜನ ಕುಳಿತಿದ್ದರು. ಸಾವ್ಕಾರರೂ ಇದ್ದರು, ಮಜಾ ನೋಡಲು ಬಂದೆ ಎಂದರು. ಆಪಾನ ಸರದಿ ಬಂದಾಗ ನಾವು ಒಳಗೆ ಹೋದೆವು. ತಹಸೀಲ್ದಾರರು ಸಭ್ಯರು. ನನಗೆ ಕುರ್ಚಿ ತೋರಿಸಿದರು. ನಾನು ನಿಂತೇ ಇದ್ದೆ. ಅವರು ಕೇಳಿದ್ದನ್ನು ನಾನು ಮಾವನಿಗೆ ಕನ್ನಡದಲ್ಲಿ ಹೇಳಿದೆ: ಗುರುತಿನವರನ್ನು ಹಿಡಿದು ಉಳಿಯುವುದು ಅನ್ಯಾಯ ಎಂದು ನೀವೇ ಭಾನುವಾರ ಹೇಳಿದಿರಂತೆ. ಹೇಳಿದ್ದು ಚೆನ್ನಾಗಿಯೂ ಇತ್ತಂತೆ. ಇವತ್ತು ಗುರುತಿನವರಾಗಿ ನೀವೇ ಬಂದಿದ್ದೀರಿ. ಇದಕ್ಕೆ ಏನು ಹೇಳುತ್ತೀರಿ?

ಅದು ನಮ್ಮ ಮನೆಯ ಆಟ, ಬೀಜ ಬಿದ್ದ ಹಾಗೆ ಮಾತಾಡಿದೆ ಎಂದುಬಿಡಬಹುದಿತ್ತು. ನಾನು ಅದಕ್ಕೆ ಇಂಗ್ಲಿಷಿನ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೂ ಇದ್ದೆ. ಮಾವ ಬೇರೆ ಹೇಳಿದರು.

"ಹೇಳಿದ್ದು ಖರೆ ಅದ ಅನ್ನು. ಆ ಪಕ್ಷ ನನ್ನ ಪಾಲಿಗೆ ಬಂದದ್ದಕ್ಕ ಹೇಳಿದೆ, ಆದ್ರ ಹೇಳಿದ್ದು ಸುಳ್ಳಲ್ಲ. ನಾಲ್ಕು ದಿನದಿಂದ ಅದಕ್ಕ ಉತ್ತರ ಹುಡುಕಾಕತ್ತೀನಿ. ನನ್ನ ಹತ್ರ ಇನ್ನೂ ಉತ್ತರ ಇಲ್ಲ. ಉತ್ತರ ಸಿಗೂತನಕ ಈ ಹೆಣ್ಣುಮಗಳು ಊರ ಹೊರಗ ನಿಂದ್ರಬೇಕೇನು, ಕೇಳು ಅವರನ್ನ. ಈಕಿ ಹೊಣಿ ನಂದು."

ಉತ್ತರವಿಲ್ಲ ಎಂಬ ಮಾತನ್ನು ಬಿಟ್ಟು ಉಳಿದದ್ದನ್ನು ಹೇಳಿದ್ದರೆ ಆಪಾನ ಕೆಲಸಕ್ಕೆ ಅನುಕೂಲವೆಂದು ನನಗನ್ನಿಸಿತ್ತು. ಆ ಕೋಣೆಯಲ್ಲಿ ಅದನ್ನು ಕಂಡುಹಿಡಿಯುವವರು ಯಾರೂ ಇರಲಿಲ್ಲ. ಆದರೆ ಮಾವ ಅದನ್ನು ನನ್ನ ಕೈಗೆ ಕೊಟ್ಟ ರೀತಿ ನೋಡಿದ ಮೇಲೆ ಒಂದು ಮಾತನ್ನೂ ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಪಾ ನನ್ನ ತುಟಿಯನ್ನೇ ನೋಡುತ್ತಿದ್ದರು.

ತಹಸೀಲ್ದಾರರು ಲೇಖನಿ ಕೆಳಗಿಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸಾವ್ಕಾರರು ತಡೆಯಲಾರದೆ ಒಳಗೆ ನುಗ್ಗಿದರು.

"ಒಬ್ಬರದು ಸಾಲದಿದ್ರ ನಂದೂ ಬರ್ಕೋರ್ರಿ."

"ನೀವು ಇವರನ್ನೆಲ್ಲ ಕಳಿಸಬೇಕು ಅನ್ನುವವರಲ್ಲವೇ?" ಎಂದು ಪೇಶಕಾರರು ಉರ್ದುವಿನಲ್ಲಿ ಕೇಳಿದರು.

"ಈಗೂ ಅಂತೀನಿ. ಎಲ್ಲಾರನ್ನೂ ಕಳಸ್ರಿ. ಈಕಿನ್ನ ಬಿಟ್ಟು. ನನ್ನ ಸೊಸಿ ಬಾಣಂತನಕ್ಕ ಕೌದಿ ಕೊಟ್ಟಾಳ ಈಕಿ, ನನಗ ಗೊತ್ತದ ಈಕಿ ಎಂಥಾಕಿ ಅಂತ."

ಇದನ್ನೂ ನಾನು ಇಂಗ್ಲಿಷಿಗೆ ತಂದೆ. ತಹಸೀಲ್ದಾರರು ನಕ್ಕು, ವಕೀಲರು ಭಾನುವಾರ ಹೇಳಿದ್ದು ಇದನ್ನೇ ಅಲ್ಲವೇ ಎಂದರು. ಆಮೇಲೆ ನಗು ಬಿಟ್ಟು, ಮೇಲಿನಿಂದ ಬೇರೆ ಹುಕುಂ ಬರುವವರೆಗೆ ತಾಯಿ ಮಗಳು ಇರಬಹುದು ಎಂದು ಬರೆದರು. ನಾನು ಆಪಾನ ಕಡೆ ತಿರುಗಿ, "ಇರಬಹುದಂತ್ರಿ," ಎಂದೆ. ಅವರು ತಹಸೀಲ್ದಾರರಿಗೆ ಸಲಾಂ ಮಾಡಿದರು.

ಹೊರಗೆ ಬಂದಾಗ ಕಟ್ಟೆಯ ಮೇಲಿನ ಜನ ಹಾಗೇ ಕುಳಿತಿದ್ದರು. ಬರುವಾಗ ನಾನು ಅವರನ್ನು ಸರಿಯಾಗಿ ನೋಡಿರಲಿಲ್ಲ. ಒಬ್ಬ ಗಂಡ, ಹೆಂಡತಿ, ಮಡಿಲಲ್ಲಿ ಮಗು. ಆಚೆ ಒಬ್ಬ ವಯಸ್ಸಾದವರು, ಒಂಟಿ. ಅವರ ಪಕ್ಕದಲ್ಲಿ ಊರಿನವರು ಯಾರೂ ಇರಲಿಲ್ಲ. ಸಾವ್ಕಾರರು ಮಾವನ ಭುಜ ತಟ್ಟಿ, "ಬರ್ರಿ ವಕೀಲರ, ಚಹಾ ಕುಡಿಯೂಣು. ನೀವು ಸೋತಿರಿ, ನಾ ಕುಡಿಸ್ತೀನಿ," ಎಂದು ಮೆಟ್ಟಿಲಿಳಿದರು.

ಮಾವ ಇಳಿಯಲಿಲ್ಲ. ಆ ಗಂಡಹೆಂಡಿರ ಎದುರಿಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

"ಯಾವ ಊರು, ಯಪ್ಪಾ?"

ಆತ ಹರುಕು ಕನ್ನಡದಲ್ಲಿ ಬರಾರದ ಕಡೆಯ ಒಂದು ಊರಿನ ಹೆಸರು ಹೇಳಿದ.

"ಇಲ್ಲಿ ಗುರುತಿನವರು ಯಾರು ಅದಾರ?"

"ಯಾರೂ ಇಲ್ರಿ."

"ಏನು ಕೆಲಸ ಮಾಡ್ತಿ?"

ಆತ ಕುದುರೆಗೆ ಲಾಳ ಕಟ್ಟುವವನು. ಮಾವ ಒಂದೊಂದೇ ಕೇಳುತ್ತ ಹೋದರು: ಎಲ್ಲಿ ಇದ್ದೀ, ಯಾರ ಬಳಿ ದುಡಿದೀ, ಹೋಗಲು ಮನಸ್ಸಿದೆಯೋ ಇರಲು ಮನಸ್ಸಿದೆಯೋ. ಕಕ್ಷಿಗಾರರನ್ನು ಕೇಳುವ ಹಾಗಲ್ಲ, ಹೊಸದಾಗಿ ಓಣಿಗೆ ಬಂದವರನ್ನು ಕೇಳುವ ಹಾಗೆ. ಆ ವಯಸ್ಸಾದವರು ತಾವಾಗಿಯೇ ಹತ್ತಿರ ಸರಿದು ಕುಳಿತರು. ಅವರಿಗೆ ಉಳಿಯುವ ಆಸೆಯೇ ಇರಲಿಲ್ಲ. ಊರಿಗೆ ಕಳಿಸಿದರೆ ಸಾಕು, ಮಗ ಅಲ್ಲಿದ್ದಾನೆ, ಹೇಗೆ ಕೇಳಬೇಕೆಂದು ತಿಳಿಯದೆ ಎರಡು ದಿನದಿಂದ ಬರುತ್ತಿದ್ದೇನೆ ಎಂದರು. ಎಲ್ಲರನ್ನೂ ಒಂದೇ ಕಾಯ್ದೆಯಲ್ಲಿ ತೂಗಬೇಕೆಂದ ವಾದದಲ್ಲಿ ಇಂಥವರೊಬ್ಬರಿರಬಹುದೆಂದು ನಮ್ಮ ಪಡಸಾಲೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಏನ್ರಿ ವಕೀಲರ, ಚಹಾ?" ಎಂದು ಸಾವ್ಕಾರರು ಕೆಳಗಿನಿಂದ ಕೂಗಿದರು.

"ನೀವೂ ಮ್ಯಾಲೆ ಬರ್ರಿ. ನಿಮ್ಮ ಗಿರಣಿ ಗಾಡಿ ಕುದುರಿಗೆ ಲಾಳ ಕಟ್ಟವ್ರು ಯಾರು?"

"ಯಾಕ?"

"ಬರ್ರಿ, ಹೇಳ್ತೀನಿ."

ಸಾವ್ಕಾರರು ಗೊಣಗುತ್ತ ಮೆಟ್ಟಿಲು ಹತ್ತಿದರು. ಮಾವ ನನ್ನ ಕಡೆ ನೋಡಿದರು. ಇವರ ಮಾತನ್ನೂ ಇಂಗ್ಲಿಷಿಗೆ ತರಬೇಕಲ್ಲ ಎಂದು ನಾನು ಹೋಗಿ ತಹಸೀಲ್ದಾರರ ಕೋಣೆಯ ಬಾಗಿಲ ಬಳಿ ನಿಂತುಕೊಂಡೆ. ಆಪಾ ಅಷ್ಟು ದೂರ ಹೋದವರು ತಿರುಗಿ ಬಂದು, ತಲೆಯ ಸೆರಗು ಸರಿಮಾಡಿಕೊಳ್ಳುತ್ತ ನನಗೆ ಹೇಳಿದರು:

"ನಾ ಮನೀಗೆ ಹೋಗಿ ನಿಮ್ಮ ಅತ್ತಿಯವರಿಗೆ ಹೇಳ್ತೀನ್ರಿ, ವಕೀಲರು ಊಟಕ್ಕ ತಡಾ ಮಾಡ್ತಾರಂತ."